ಎರವಿನ ಮುಡಿ

ಎರವಲು ತಂದ ಒಡವೆಯನ್ನು ಸ್ವಂತದ್ದಕ್ಕಿಂತ ಹೆಚ್ಚು ಜೋಪಾನವಾಗಿ ನೋಡಿಕೊಳ್ಳಬೇಕೆಂಬುದು ನಮ್ಮ ಹಿರಿಯರ ನೀತಿ. ಮದುವೆಗೆಂದು ನೆರೆಮನೆಯಿಂದ ತಂದ ಅಡ್ಡಿಕೆಯನ್ನು ಮರುದಿನವೇ ಒರೆಸಿ, ಅರಿವೆಯಲ್ಲಿ ಸುತ್ತಿ, ಒಡತಿಯ ಕೈಗೆ ಮುಟ್ಟಿಸಿದ ಮೇಲೆಯೇ ಅವರಿಗೆ ನಿದ್ದೆ. ಆದರೆ ಯಾರಿಗೂ ಹಿಂದಿರುಗಿಸಬೇಕಾಗಿಲ್ಲದ ಎರವಲೊಂದು ಈಗ ನಮ್ಮ ನಡುವೆ ಬಂದು ನೆಲೆಸಿದೆ. ಅದು ತಲೆಗೂದಲು. ಎಲ್ಲಿಯೋ ಯಾರೋ ಬೆಳೆಸಿದ ಕೂದಲು ಹಲವು ಕೈಗಳನ್ನು ದಾಟಿ ಬಂದು, ನಮ್ಮ ಹುಡುಗಿಯರ ಸ್ವಂತ ಕೂದಲಿನ ಬುಡಕ್ಕೆ ಅಂಟಿಕೊಂಡು, ಮೊಳದುದ್ದದ ಹೆರಳನ್ನು ಒಂದೇ ಮಧ್ಯಾಹ್ನದಲ್ಲಿ ಮಾರುದ್ದ ಮಾಡುತ್ತದೆ. ಪೇಟೆಯಲ್ಲಿ ಇದಕ್ಕೆ ‘ಹೇರ್ ಎಕ್ಸ್‌ಟೆನ್ಷನ್’ ಎಂದು ಹೆಸರು. ಜೋಡಿಸುವುದು ಹೇಗೆ, ಬೆಲೆಯೆಷ್ಟು ಎಂದು ಎಲ್ಲರೂ ಕೇಳುತ್ತಾರೆ. ಜೋಡಿಸಿದ ಮೇಲೆ ಏನು ಎಂದು ಕೇಳುವವರು ಕಡಮೆ. ಈ ಎರಡನೆಯ ಪ್ರಶ್ನೆಯನ್ನು ಕುರಿತು ನಾಲ್ಕು ಮಾತು ಹೇಳುವುದು ಈ ಲೇಖನದ ಉದ್ದೇಶ.

ಕಾಲೇಜಿನಲ್ಲಿ ಹಳಗನ್ನಡ ಪಾಠ ಹೇಳುವವಳಿಗೂ ಈ ವಿಷಯಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧವುಂಟು. ನವಿರು, ಕುರುಳು, ಸೋರ್ಮುಡಿ, ತುರುಬು, ಹೆರಳು, ಜಡೆ ಎಂದು ಕೂದಲಿನ ಒಂದೊಂದು ಸ್ಥಿತಿಗೂ ಒಂದೊಂದು ಮಾತನ್ನು ಇಟ್ಟುಕೊಂಡಿರುವ ಭಾಷೆ ನಮ್ಮದು. ಕರ್ನಾಟಕದ ಒಂದು ದೊಡ್ಡ ಭಾಗಕ್ಕೆ ಪೂರ್ವದಲ್ಲಿ ಕುಂತಳವೆಂದೇ ಹೆಸರಿತ್ತು. ಭೂದೇವಿಯ ಕುಂತಳದಂತೆ ಒಪ್ಪುವ ನಾಡೆಂದು ಶಾಸನಕವಿಗಳು ಶ್ಲೇಷೆಯಾಡಿ ಸಂತೋಷಪಟ್ಟಿದ್ದಾರೆ. 10ನೆಯ ಶತಮಾನದ ಪಂಪನ ‘ವಿಕ್ರಮಾರ್ಜುನ ವಿಜಯ’ದಲ್ಲಿಯೂ ರನ್ನನ ‘ಗದಾಯುದ್ಧ’ದಲ್ಲಿಯೂ ದ್ರೌಪದಿಯ ಬಿಚ್ಚಿದ ಮುಡಿ ಯುದ್ಧವನ್ನೇ ಮುಂದಕ್ಕೆ ಎಳೆಯುತ್ತದೆ, ಆ ಮುಡಿಯನ್ನು ಕಟ್ಟಿದಲ್ಲದೆ ಭೀಮನ ಪ್ರತಿಜ್ಞೆ ತೀರುವುದಿಲ್ಲ. ಈ ಪ್ರಸಂಗವನ್ನು ಪಾಠ ಹೇಳುವಾಗಲೆಲ್ಲ ನನಗೆ ಭಾರತದ ಇನ್ನೊಂದು ಚಿತ್ರವೂ ನೆನಪಾಗುತ್ತದೆ. ಅಜ್ಞಾತವಾಸದಲ್ಲಿ ಇದೇ ದ್ರೌಪದಿ ಸೈರಂಧ್ರಿಯೆಂಬ ಹೆಸರಿನಿಂದ ವಿರಾಟನ ರಾಣಿ ಸುದೇಷ್ಣೆಯ ಊಳಿಗಕ್ಕೆ ನಿಲ್ಲುತ್ತಾಳೆ. ತಾನು ಬಲ್ಲ ಕೆಲಸವೇನೆಂದು ಕೇಳಿದಾಗ ಅವಳು ಮೊದಲಿಗೆ ಹೇಳುವ ಮಾತು ಕೇಶಶೃಂಗಾರ. ತನ್ನ ಮುಡಿಯ ಅವಮಾನವನ್ನು ನುಂಗಿಕೊಂಡು ಇನ್ನೊಬ್ಬಳ ಮುಡಿಯನ್ನು ಒಪ್ಪಗೊಳಿಸುವ ಹೆಂಗಸು ಅವಳು. ಕೂದಲಿನ ಇಂದಿನ ವ್ಯಾಪಾರದಲ್ಲಿ ಅಂಥ ಸೈರಂಧ್ರಿಯರು ಎಷ್ಟೋ ಮಂದಿ ಇದ್ದಾರೆ. ಅವರ ಮಾತು ಮುಂದೆ ಬರುತ್ತದೆ.

ಎರವಿನ ಕೂದಲು ನಮಗೆ ಹೊಸದೇನೂ ಅಲ್ಲ. ಚಮರೀಮೃಗದಿಂದ ಚಾಮರ ಬಂದಿತು. ಅದೇ ಮೂಲದಿಂದ ಚವರಿ ಎಂಬ ಮಾತೂ ಹುಟ್ಟಿತು. ನಮ್ಮ ಅಜ್ಜಿಯರು ಬಾಚುವಾಗ ಉದುರಿದ ಕೂದಲನ್ನು ಬೆರಳಿಗೆ ಸುತ್ತಿ, ಉಂಡೆ ಮಾಡಿ, ಗೋಡೆಯ ಗೂಡಿನಲ್ಲಿ ಕೂಡಿಡುತ್ತಿದ್ದರು. ಸಾಕಷ್ಟು ಸೇರಿದ ಮೇಲೆ ಅದರಿಂದಲೇ ಚವರಿ ಕಟ್ಟಿಸುತ್ತಿದ್ದರು. ಪ್ರಾಯದಲ್ಲಿ ಉದುರಿದ್ದು ಇಳಿವಯಸ್ಸಿನ ತುರುಬಿಗೆ ಆಸರೆಯಾಗುತ್ತಿತ್ತು. ಮೊಗ್ಗಿನ ಜಡೆಗೆ, ಭರತನಾಟ್ಯದ ವೇಷಕ್ಕೆ, ನಾಟಕದ ಕಂಪನಿಗಳಲ್ಲಿ ಸ್ತ್ರೀಪಾತ್ರ ವಹಿಸುತ್ತಿದ್ದ ಗಂಡಸರಿಗೆ ಚವರಿಯೋ ಟೋಪನ್ನೋ ಇಲ್ಲದೆ ನಡೆಯುತ್ತಿರಲಿಲ್ಲ. ಇವೆಲ್ಲವುಗಳಿಗೂ ಸಮಾನವಾದ ಒಂದು ಗುಣವನ್ನು ಗಮನಿಸಬೇಕು. ಕೆಲಸ ಮುಗಿದೊಡನೆ ಇವನ್ನು ತೆಗೆದಿಡುತ್ತಿದ್ದರು. ಚವರಿ ಮೊಳೆಗೆ ತೂಗುಬೀಳುತ್ತಿತ್ತು. ತಲೆ ದಿಂಬಿಗೆ ಹಗುರವಾಗಿ ಒರಗುತ್ತಿತ್ತು. ತಲೆಯ ಆರೈಕೆ ತಲೆಗೆ, ಚವರಿಯ ಆರೈಕೆ ಚವರಿಗೆ. ಇಂದಿಗೂ ಕ್ಲಿಪ್ಪಿನಿಂದ ಸಿಕ್ಕಿಸಿ ರಾತ್ರಿ ತೆಗೆದಿಡುವ ಕೂದಲು ಈ ಹಳೆಯ ಜಾತಿಗೇ ಸೇರಿದ್ದು. ಅದರಿಂದ ತೊಂದರೆಯೂ ಕಡಮೆ.

ಹೊಸ ಕ್ರಮದಲ್ಲಿ ಎರವಿನ ಕೂದಲು ಹಗಲಿರುಳೂ ತಲೆಯ ಮೇಲೆಯೇ ಇರುತ್ತದೆ. ಅಮೆರಿಕದ ಕ್ಲೀವ್‌ಲೆಂಡಿನ ಕ್ರಿಸ್ಟೀನಾ ಜೆಂಕಿನ್ಸ್ ಎಂಬ ಕರಿಯ ಮಹಿಳೆ, ಬೇರೆ ಕೂದಲನ್ನು ಸ್ವಂತ ಕೂದಲಿನೊಡನೆ ಹೊಲಿದು ನಿಲ್ಲಿಸುವ ವಿಧಾನಕ್ಕೆ 1952ರಲ್ಲಿ ಪೇಟೆಂಟ್ ಪಡೆದಳು. ಅಲ್ಲಿಂದೀಚೆಗೆ ಬಗೆಗಳು ಹಲವಾಗಿವೆ. ತಲೆಗೆ ಒತ್ತಿ ಹೆಣೆದ ಸಣ್ಣ ಜಡೆಯ ಮೇಲೆ ಕೂದಲಿನ ಸಾಲನ್ನು ಹೊಲಿಯುವುದು ಒಂದು. ಸ್ವಂತ ಕೂದಲಿನ ತೆಳುವಾದ ಎಳೆಯನ್ನು ಎರಡು ಅಂಟುಪಟ್ಟಿಗಳ ನಡುವೆ ಸೇರಿಸುವುದು ಇನ್ನೊಂದು. ಪುಟ್ಟ ಲೋಹದ ಉಂಗುರದೊಳಗೆ ಎರಡನ್ನೂ ತೂರಿಸಿ ಅದುಮುವುದು ಮತ್ತೊಂದು. ಕೆರಟಿನ್ ಎಂಬ ಅಂಟನ್ನು ಕಾಯಿಸಿ ಬೆಸೆಯುವುದು ಮಗದೊಂದು. ಕ್ರಮ ಯಾವುದೇ ಆಗಲಿ, ಎರವಿನ ಕೂದಲಿನ ಭಾರವನ್ನೆಲ್ಲ ಹೊರುವುದು ಸ್ವಂತ ಕೂದಲಿನ ಬೇರು. ಈ ಒಂದು ಮಾತನ್ನು ನೆನಪಿನಲ್ಲಿ ಇಟ್ಟುಕೊಂಡರೆ ಆರೈಕೆಯ ನಿಯಮಗಳೆಲ್ಲ ತಾವಾಗಿ ಅರ್ಥವಾಗುತ್ತವೆ.

ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರಿನಷ್ಟು ಬೆಳೆಯುತ್ತದೆ. ಬೆಳೆದಂತೆ, ಬುಡದ ಬಳಿ ಹಾಕಿದ ಅಂಟು ಅಥವಾ ಉಂಗುರ ನೆತ್ತಿಯಿಂದ ದೂರ ಸರಿಯುತ್ತ ಕೆಳಗಿಳಿಯುತ್ತದೆ. ಎರಡು ತಿಂಗಳಾಗುವ ಹೊತ್ತಿಗೆ ಅದು 2 ಸೆಂಟಿಮೀಟರು ಇಳಿದು, ಬುಡದಲ್ಲಿ ಭದ್ರವಾಗಿ ಕೂರದೆ, ಅತ್ತಿತ್ತ ಹೊರಳತೊಡಗುತ್ತದೆ. ಹೊರಳಿದಂತೆಲ್ಲ ಅದನ್ನು ಹಿಡಿದಿರುವ ನಾಲ್ಕೆಂಟು ಎಳೆಗಳು ತಿರುಚಿಕೊಳ್ಳುತ್ತವೆ. ಇದು ಒಂದು ಕಾರಣ. ಎರಡನೆಯದು ಇದಕ್ಕಿಂತ ಸೂಕ್ಷ್ಮವಾದುದು. ಆರೋಗ್ಯವಂತರ ತಲೆಯಿಂದಲೂ ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಸಾಮಾನ್ಯವಾಗಿ ಇವು ಬಾಚಣಿಗೆಯಲ್ಲಿ ಬರುತ್ತವೆ, ಸ್ನಾನದ ನೀರಿನಲ್ಲಿ ಹೋಗುತ್ತವೆ. ಆದರೆ ಅಂಟಿನ ಸೆರೆಯಲ್ಲಿರುವ ಕೂದಲು ಬೇರಿನಿಂದ ಕಳಚಿದ ಮೇಲೂ ಹೊರಗೆ ಬೀಳಲಾರದು. ಬದುಕಿರುವ ಎಳೆಗಳ ನಡುವೆಯೇ ಸಿಕ್ಕಿಕೊಂಡಿರುತ್ತದೆ. ದಿನಕ್ಕೆ 50ರಂತೆ ಲೆಕ್ಕ ಹಿಡಿದರೂ 60 ದಿನಕ್ಕೆ 3,000 ಕೂದಲು ಉದುರಿರುತ್ತದೆ. ಅದರಲ್ಲಿ ಸೆರೆಸಿಕ್ಕ ಪಾಲು ಅಂಟಿನ ಬುಡದಲ್ಲಿ ಗಂಟುಗಟ್ಟುತ್ತದೆ. ಗಂಟಿಗೆ ಬೆವರು, ಧೂಳು, ಸೋಪಿನ ಶೇಷ ಸೇರಿ, ಕೊನೆಗೆ ಬಾಚಣಿಗೆಯ ಹಲ್ಲು ಹೋಗದ ಜಟೆಯಾಗುತ್ತದೆ.

ಆದುದರಿಂದಲೇ ಮರುಭೇಟಿಗೆ ಅವಧಿಯನ್ನು ಗೊತ್ತುಮಾಡಿದ್ದಾರೆ. ಅಂಟುಪಟ್ಟಿಗೂ ಉಂಗುರಕ್ಕೂ ಹೊಲಿಗೆಗೂ 6ರಿಂದ 8 ವಾರ. ಕಾಯಿಸಿ ಬೆಸೆದದ್ದಕ್ಕೆ ಹೆಚ್ಚೆಂದರೆ ಮೂರು ನಾಲ್ಕು ತಿಂಗಳು, ಅಷ್ಟರಲ್ಲಿ ಅದನ್ನು ಪೂರ್ತಿಯಾಗಿ ತೆಗೆಯಬೇಕು. ಈ ಭೇಟಿಯಲ್ಲಿ ಏನು ನಡೆಯಬೇಕೆಂಬುದನ್ನು ತೊಡುವವರು ತಿಳಿದಿರುವುದು ಒಳ್ಳೆಯದು. ಮೊದಲು ನೆತ್ತಿಯನ್ನು ಸಾಲುಸಾಲಾಗಿ ಬಿಡಿಸಿ, ಎಲ್ಲಿಯಾದರೂ ಕೆಂಪಾಗಿದೆಯೇ, ಗುಳ್ಳೆ ಎದ್ದಿದೆಯೇ, ಕೂದಲು ವಿರಳವಾಗಿದೆಯೇ ಎಂದು ನೋಡಬೇಕು. ಅಂಟನ್ನು ಕರಗಿಸುವ ದ್ರವದಿಂದ ಸಡಿಲಿಸಬೇಕಲ್ಲದೆ ಎಂದೂ ಎಳೆದು ಕೀಳಬಾರದು. ಸೆರೆಯಲ್ಲಿದ್ದ ಉದುರುಗೂದಲನ್ನು ತುದಿಯಿಂದ ಬುಡದ ಕಡೆಗೆ ಸ್ವಲ್ಪಸ್ವಲ್ಪವಾಗಿ ಬಾಚಿ ತೆಗೆಯಬೇಕು. ಗಂಟು ಪೂರ್ತಿ ಬಿಡಿಸದೆ ನೀರು ಹಾಕಿದರೆ ಅದು ಇನ್ನೂ ಬಿಗಿಯಾಗುತ್ತದೆ. ಆಮೇಲೆ ತಲೆ ತೊಳೆದು, ಚೆನ್ನಾಗಿ ಒಣಗಿಸಿ, ಕೂದಲು ಇನ್ನೂ ಯೋಗ್ಯವಾಗಿದ್ದರೆ ಹೊಸ ಅಂಟಿನೊಡನೆ ಮತ್ತೆ ಮೇಲಕ್ಕೆ ಕೂರಿಸಬೇಕು. ತೆಗೆಯುವ ದಿನ ಹಿಡಿತುಂಬ ಕೂದಲು ಬಂದದ್ದನ್ನು ಕಂಡು ಎಷ್ಟೋ ಮಂದಿ ಬೆದರುತ್ತಾರೆ. ಅದು ಆ ಹೊತ್ತಿನಲ್ಲಿ ಕಿತ್ತುಬಂದದ್ದಾಗಿರಬೇಕೆಂದಿಲ್ಲ; ಎರಡು ತಿಂಗಳ ಉದುರು ಒಂದೇ ದಿನ ಕೈಗೆ ಬಂದಿರಬಹುದು. ಬುಡಭಾಗದಲ್ಲಿ ಕೂದಲು ನಿಜವಾಗಿ ತೆಳುವಾಗಿ ಕಂಡರೆ ಮಾತ್ರ ಚಿಂತಿಸಬೇಕು. ಹಾಗೆ ಕಂಡರೆ ಮತ್ತೆ ಜೋಡಿಸದೆ ಕೆಲವು ತಿಂಗಳು ತಲೆಗೆ ಬಿಡುವು ಕೊಡಬೇಕು.

ಇನ್ನು ಮನೆಯಲ್ಲಿ ಮಾಡಬೇಕಾದ ಆರೈಕೆ. ಇಲ್ಲಿ ನಮ್ಮ ಸಂಪ್ರದಾಯಕ್ಕೂ ಈ ಹೊಸ ಅಲಂಕಾರಕ್ಕೂ ನೇರವಾದ ಜಗಳವಿದೆ. ಯುಗಾದಿಗೂ ನರಕ ಚತುರ್ದಶಿಗೂ ಎಣ್ಣೆನೀರು ನಮಗೆ ಬಿಡಲಾಗದ ಆಚಾರ. ಬೆಳಗಿನ ಜಾವ ತಾಯಿಯೋ ಅತ್ತೆಯೋ ನೆತ್ತಿಗೆ ಒತ್ತುವ ಹರಳೆಣ್ಣೆ ಅಂಟುಪಟ್ಟಿಗೆ ಪರಮ ವೈರಿ. ಅಂಟನ್ನು ಸಡಿಲಿಸಲು ಪಾರ್ಲರಿನವರು ಬಳಸುವ ದ್ರವಗಳಲ್ಲಿಯೂ ಎಣ್ಣೆಯ ಅಂಶವಿರುವುದುಂಟು. ಹೀಗಿರುವಲ್ಲಿ ಹಬ್ಬದ ದಿನ ನೆತ್ತಿ ತಂಪಾಗುವುದರೊಳಗೆ ಕೂದಲು ಕೈಗೆ ಬಂದರೆ ಆಶ್ಚರ್ಯವೇನು? ಬುಡಕ್ಕೆ ಎಣ್ಣೆಯೂ ಬೇಡ, ಕಂಡಿಷನರೂ ಬೇಡ. ಆದರೆ ತುದಿಯ ಮಾತು ಬೇರೆ. ಸ್ವಂತ ಕೂದಲಿಗೆ ನೆತ್ತಿಯಲ್ಲಿ ಒಸರುವ ಜಿಡ್ಡು ಇಳಿದುಬಂದು ಮೃದುತ್ವವನ್ನು ಕೊಡುತ್ತದೆ. ಎರವಿನ ಕೂದಲಿಗೆ ಆ ತಾಯಿಹಾಲು ಇಲ್ಲ. ಅದು ಒಣಗುತ್ತದೆ, ಸೀಳುತ್ತದೆ. ಆದುದರಿಂದ ನಡುಭಾಗದಿಂದ ಕೆಳಕ್ಕೆ ಕಂಡಿಷನರನ್ನೋ ಒಂದೆರಡು ತೊಟ್ಟು ಎಣ್ಣೆಯನ್ನೋ ಹಚ್ಚಲೇಬೇಕು. ಬುಡಕ್ಕೆ ಉಪವಾಸ, ತುದಿಗೆ ಊಟ ಎಂದು ನೆನಪಿಟ್ಟುಕೊಂಡರೆ ಸಾಕು.

ಜೋಡಿಸಿದ ಮೊದಲ ಎರಡು ದಿನ ತಲೆಗೆ ನೀರು ಸೋಕಿಸಬಾರದು. ಅಂಟು ಗಟ್ಟಿಯಾಗಲು ಅಷ್ಟು ಕಾಲ ಬೇಕು. ಅನಂತರ ವಾರಕ್ಕೆ ಒಂದೆರಡು ಸಲ, ಸಲ್ಫೇಟ್ ಇಲ್ಲದ ಸೌಮ್ಯವಾದ ಶಾಂಪುವಿನಿಂದ, ನೀರನ್ನು ನೆತ್ತಿಯಿಂದ ಕೆಳಕ್ಕೆ ಬಿಟ್ಟು ತೊಳೆಯಬೇಕು. ತಲೆಯನ್ನು ಮುಂದಕ್ಕೆ ಬಗ್ಗಿಸಿ, ಕೂದಲನ್ನೆಲ್ಲ ಒಟ್ಟುಮಾಡಿ, ಸೀಗೆಪುಡಿ ಹಾಕಿ ಉಜ್ಜುವ ನಮ್ಮ ಹಳೆಯ ಪದ್ಧತಿ ಇದಕ್ಕೆ ಹೊಂದುವುದಿಲ್ಲ. ಪುಡಿಯ ಕಣಗಳು ಗಂಟಿನಲ್ಲಿ ಕುಳಿತರೆ ಹೊರಡವು. ಒದ್ದೆ ಬುಡದಲ್ಲಿ ಮಲಗುವುದಂತೂ ಸಲ್ಲ. ತೇವದಿಂದ ಅಂಟು ಸಡಿಲುತ್ತದೆ, ನೆತ್ತಿಯಲ್ಲಿ ತುರಿಕೆ ಹುಟ್ಟುತ್ತದೆ. ರಾತ್ರಿ ಸಡಿಲವಾಗಿ ಒಂದು ಜಡೆ ಹೆಣೆದು, ಸಾಧ್ಯವಾದರೆ ರೇಷ್ಮೆಯ ಹೊದಿಕೆಯ ದಿಂಬಿನ ಮೇಲೆ ಮಲಗುವುದು ಮೇಲು. ಮೈಸೂರು ಸೀರೆಯ ಹಳೆಯ ತುಂಡೊಂದಿದ್ದರೆ ಅದಕ್ಕಿಂತ ಒಳ್ಳೆಯ ದಿಂಬಿನ ಚೀಲ ಬೇಕಿಲ್ಲ. ಬಾಚುವಾಗ ಬುಡದ ಜೋಡಣೆಯನ್ನು ಒಂದು ಕೈಯಲ್ಲಿ ಹಿಡಿದು, ತುದಿಯಿಂದ ಮೊದಲುಮಾಡಿ ಮೇಲಕ್ಕೆ ಬರಬೇಕು. ದಿನಕ್ಕೊಮ್ಮೆಯಾದರೂ ಬೆರಳುಗಳನ್ನು ಬುಡದ ಸಾಲುಗಳ ನಡುವೆ ಆಡಿಸಿ ಒಂದರೊಡನೊಂದು ಅಂಟದಂತೆ ಬಿಡಿಸಬೇಕು. ಕೂದಲನ್ನು ನೇರಮಾಡುವ ಬಿಸಿ ಇಸ್ತ್ರಿಯನ್ನು ಅಂಟಿನ ಹತ್ತಿರಕ್ಕೆ ತರಬಾರದು.

ಇಷ್ಟೆಲ್ಲ ಏಕೆ ಹೇಳಬೇಕಾಯಿತೆಂದರೆ, ಇವುಗಳಲ್ಲಿ ಒಂದನ್ನೂ ತಿಳಿಯದೆ ಕಷ್ಟಪಟ್ಟ ಹುಡುಗಿಯೊಬ್ಬಳನ್ನು ನಾನು ಬಲ್ಲೆ. ಆಕೆ ನಮ್ಮ ಕಾಲೇಜಿನ ವಿದ್ಯಾರ್ಥಿನಿ. ಜಾಣೆ, ಚೆನ್ನಾಗಿ ಓದುವವಳು. ಅಕ್ಕನ ಮದುವೆಗೆಂದು, ತಾನು ಸಂಜೆಯ ವೇಳೆ ಮಕ್ಕಳಿಗೆ ಪಾಠ ಹೇಳಿ ಕೂಡಿಟ್ಟ ಹಣದಿಂದ ಅಂಟುಪಟ್ಟಿಯ ಕೂದಲನ್ನು ಹಾಕಿಸಿಕೊಂಡಳು. ಮದುವೆ ಮುಗಿಯಿತು, ಪರೀಕ್ಷೆ ಬಂದಿತು, ಮರುಭೇಟಿಗೆ ಹಣವೂ ಉಳಿದಿರಲಿಲ್ಲ. ನಾಲ್ಕು ತಿಂಗಳು ಕಳೆಯಿತು. ತರಗತಿಯಲ್ಲಿ ಯಾವಾಗಲೂ ತಲೆಯ ಮೇಲೆ ಸೆರಗೋ ದುಪ್ಪಟ್ಟವೋ ಇರುತ್ತಿದ್ದುದನ್ನು ಕಂಡು ಒಂದು ದಿನ ಕೇಳಿದೆ. ಸ್ಟಾಫ್ ರೂಮಿನ ಬಾಗಿಲು ಮುಂದುಮಾಡಿ ದುಪ್ಪಟ್ಟ ಸರಿಸಿ ತೋರಿಸಿದಳು. ಕಿವಿಯ ಮೇಲುಭಾಗದಲ್ಲಿ ಕೂದಲೆಲ್ಲ ಕಂಬಳಿಯಂತೆ ಒತ್ತಿಕೊಂಡಿತ್ತು. ಕೆನ್ನೆತ್ತಿಯ ಬಳಿ ಎರಡು ಬೆರಳಗಲ ನುಣ್ಣಗಾಗಿತ್ತು. “ಹಾಕಿಸುವ ದಿನ ಎಷ್ಟು ಕೊಡಬೇಕು ಅಂತ ಹೇಳಿದರು, ಮೇಡಂ. ಮತ್ತೆ ಯಾವಾಗ ಬರಬೇಕು ಅಂತ ಯಾರೂ ಹೇಳಲಿಲ್ಲ” ಎಂದಳು. ಗಂಟನ್ನು ಬಿಡಿಸಲಾಗದೆ ಕೊನೆಗೆ ಒಂದು ಭಾಗವನ್ನು ಕತ್ತರಿಸಬೇಕಾಯಿತು.

ಆಕೆಯನ್ನು ನೋಡಿದ ಚರ್ಮವೈದ್ಯರು ಇದಕ್ಕೆ ‘ಟ್ರ್ಯಾಕ್ಷನ್ ಅಲೊಪೀಷಿಯಾ’ ಎಂದರು. ಎಂದರೆ ಎಳೆತದಿಂದಾಗುವ ಕೇಶನಾಶ. ಈ ವ್ಯಾಧಿ ಹೊಸದಲ್ಲ. 20ನೆಯ ಶತಮಾನದ ಮೊದಲ ದಶಕದಲ್ಲಿಯೇ, ಕೂದಲನ್ನು ಬಿಗಿಯಾಗಿ ಎಳೆದು ಕಟ್ಟುತ್ತಿದ್ದ ಗ್ರೀನ್‌ಲೆಂಡಿನ ಹೆಂಗಸರಲ್ಲಿ ಇದನ್ನು ಗುರುತಿಸಿದ್ದರು. ಎಳೆತ ಬಹುಕಾಲ ನಡೆದರೆ ಬೇರಿನ ಕೋಶ ಸೊರಗಿ, ಕಲೆಗಟ್ಟಿ, ಅಲ್ಲಿ ಕೂದಲು ಎಂದೂ ಹುಟ್ಟದು. ಮೊದಲ ಹಂತದಲ್ಲಿಯೇ ಎಳೆತವನ್ನು ತಪ್ಪಿಸಿದರೆ ಮತ್ತೆ ಹುಟ್ಟುತ್ತದೆ. ನಮ್ಮ ಹುಡುಗಿಯ ಒಂದು ಪಕ್ಕ ತುಂಬಿಕೊಂಡಿತು; ಇನ್ನೊಂದು ಪಕ್ಕದಲ್ಲಿ ಇಂದಿಗೂ ಬೈತಲೆಯನ್ನು ಬದಲಿಸಿ ಮುಚ್ಚಿಕೊಳ್ಳುತ್ತಾಳೆ. ನೋವಿನ ವಿಷಯದಲ್ಲಿ ಈ ಎಚ್ಚರಿಕೆಯನ್ನು ಎಲ್ಲರೂ ಇಟ್ಟುಕೊಳ್ಳಬೇಕು: ಜೋಡಿಸಿದ ಮೊದಲ ದಿನ ಸ್ವಲ್ಪ ಬಿಗಿತ ತೋರಬಹುದು, ಅದು ಇಳಿಯದೆ ಉಳಿದರೆ, ಹುಬ್ಬೆತ್ತಿದರೆ ನೆತ್ತಿ ನೊಂದರೆ, ಬುಡದಲ್ಲಿ ಗುಳ್ಳೆ ಕಂಡರೆ, ಗೊತ್ತಾದ ದಿನಕ್ಕೆ ಕಾಯದೆ ಅಂದೇ ಹೋಗಿ ತೆಗೆಸಬೇಕು. ‘ಚೆಲುವಿಗಾಗಿ ಸ್ವಲ್ಪ ಸಹಿಸಿಕೊ’ ಎಂಬ ಮಾತು ಇಲ್ಲಿ ಸಲ್ಲುವುದಿಲ್ಲ.

ಮತ್ತೆ ಕೆಲವರು ಇದಕ್ಕೆ ಕೈಹಾಕದಿರುವುದೇ ಕ್ಷೇಮ. ಕ್ಯಾನ್ಸರಿನ ಚಿಕಿತ್ಸೆ ಮುಗಿದು ಹೊಸ ಕೂದಲು ಆಗತಾನೆ ಮೊಳೆಯುತ್ತಿರುವವರಿಗೆ ಆಸೆ ಸಹಜ. ಆದರೆ ಆ ಎಳೆಯ ಕೂದಲು ಭಾರವನ್ನು ಹೊರಲಾರದು. ಅವರಿಗೆ ಹಗುರವಾದ ವಿಗ್ಗೇ ಮೇಲು. ಹೆರಿಗೆಯಾದ ಕೆಲವು ತಿಂಗಳಿಗೆ ಕೂದಲು ವಿಶೇಷವಾಗಿ ಉದುರುವುದುಂಟು. ಆ ಕಾಲದಲ್ಲಿ ಜೋಡಿಸಿದರೆ ಮೇಲೆ ಹೇಳಿದ ಗಂಟು ಬೇಗನೆ ಆಗುತ್ತದೆ.

ತಪ್ಪೆಲ್ಲವನ್ನೂ ಪಾರ್ಲರಿನ ಮೇಲೆ ಹೊರಿಸುವುದು ನ್ಯಾಯವಲ್ಲ. ಈ ಕೆಲಸವನ್ನು ಶ್ರದ್ಧೆಯಿಂದ ಮಾಡುವ ಒಬ್ಬ ಹೆಂಗಸಿನೊಡನೆ ಮಾತನಾಡಿದೆ. ಬಂದವರ ಹೆಸರು, ಹಾಕಿದ ತಾರೀಖು, ಎಷ್ಟು ಸಾಲು, ಯಾವ ಅಂಟು, ನೆತ್ತಿಯ ಸ್ಥಿತಿ ಹೇಗಿತ್ತು ಎಂಬುದನ್ನೆಲ್ಲ ಆಕೆ ಒಂದು ಉದ್ದನೆಯ ನೋಟುಬುಕ್ಕಿನಲ್ಲಿ ಬರೆದಿಡುತ್ತಾಳೆ. ಮರುಭೇಟಿಯ ದಿನ ಹತ್ತಿರವಾದಾಗ ತಾನೇ ಫೋನು ಮಾಡುತ್ತಾಳೆ. “ಹಾಕಿಸಿಕೊಳ್ಳೋದಕ್ಕೆ ಸಾಲ ಮಾಡಿಯಾದರೂ ಬರ್ತಾರೆ, ಮೇಡಂ. ನೋಡಿಕೊಳ್ಳೋದಕ್ಕೆ ಪುರಸೊತ್ತಿಲ್ಲ ಅಂತಾರೆ” ಎಂಬುದು ಆಕೆಯ ಅನುಭವ. ಗಂಟುಬಿದ್ದ ಒಂದು ತಲೆಯನ್ನು ಬಿಡಿಸಲು ಆಕೆಗೆ ಒಮ್ಮೊಮ್ಮೆ ಒಂದು ಇಡೀ ಹಗಲು ಹಿಡಿಯುತ್ತದೆ. ನಿಂತೇ ಮಾಡುವ ಕೆಲಸ, ಕಾಲು ಬಾತುಕೊಳ್ಳುತ್ತದೆ. ಸೈರಂಧ್ರಿಯ ಉದ್ಯೋಗ ಸುಲಭವೆಂದು ಯಾರೂ ತಿಳಿಯಬೇಕಾಗಿಲ್ಲ.

ಕೊನೆಯದಾಗಿ, ಕೂದಲು ಎಲ್ಲಿಂದ ಬಂದಿತೆಂಬ ಮಾತು. ಆರೈಕೆಗೂ ಇದಕ್ಕೂ ಸಂಬಂಧವಿದೆ. ತಿರುಮಲೆಯ ಕಲ್ಯಾಣಕಟ್ಟೆಯಲ್ಲಿ ಭಕ್ತರು ಹರಕೆಯಾಗಿ ಅರ್ಪಿಸಿದ ಮುಡಿಯನ್ನು ದೇವಸ್ಥಾನದವರು ಹರಾಜಿನಲ್ಲಿ ಮಾರುತ್ತಾರೆ. ಒಂದೇ ತಲೆಯಿಂದ ಒಟ್ಟಾಗಿ ತೆಗೆದ ಉದ್ದ ಕೂದಲಿನಲ್ಲಿ ಬುಡವೆಲ್ಲ ಒಂದೆಡೆ, ತುದಿಯೆಲ್ಲ ಒಂದೆಡೆ ಇರುತ್ತದೆ; ಕೂದಲಿನ ಮೇಲಿರುವ ಸೂಕ್ಷ್ಮವಾದ ಪೊರೆಗಳೆಲ್ಲ ಒಂದೇ ದಿಕ್ಕಿಗೆ ಮಲಗಿರುತ್ತವೆ. ವ್ಯಾಪಾರದಲ್ಲಿ ಇದಕ್ಕೆ ‘ರೆಮಿ’ ಎಂದು ಹೆಸರು. ಬೆಲೆ ಹೆಚ್ಚು, ಬಾಳಿಕೆಯೂ ಹೆಚ್ಚು. ಹರಕೆಯ ಈ ಕೂದಲು ದೂರದೂರದ ಮನಸ್ಸುಗಳನ್ನೂ ಕಲಕಿದ್ದುಂಟು. 2004ರಲ್ಲಿ ಜೆರುಸಲೇಮಿನ ಯೆಹೂದಿ ಧರ್ಮಗುರು ಎಲ್ಯಾಶಿವ್ ಅವರು, ಅನ್ಯದೇವರಿಗೆ ಅರ್ಪಿತವಾದ ಕೂದಲಿನ ವಿಗ್ಗು ತಮ್ಮ ಹೆಂಗಸರಿಗೆ ನಿಷಿದ್ಧವೆಂದು ತೀರ್ಪಿತ್ತಾಗ, ನ್ಯೂಯಾರ್ಕಿನ ಬೀದಿಗಳಲ್ಲಿಯೂ ವಿಗ್ಗುಗಳನ್ನು ರಾಶಿಹಾಕಿ ಸುಟ್ಟರು.

ಇನ್ನೊಂದು ಬಗೆ ಬಾಚಿದಾಗ ಉದುರಿದ ಕೂದಲು. ಅಜ್ಜಿಯರ ಗೂಡಿನಲ್ಲಿ ಸೇರುತ್ತಿದ್ದ ಉಂಡೆಯನ್ನು ಈಗ ಬೀದಿಬೀದಿ ಅಲೆಯುವ ವ್ಯಾಪಾರಿಗಳು ಪಾತ್ರೆಗೋ ಪಿನ್ನಿಗೋ ಬದಲು ಕೊಳ್ಳುತ್ತಾರೆ. ಇಂಥ ಕೂದಲನ್ನು ಹಸನುಮಾಡುವ ಉದ್ಯಮಕ್ಕೆ ಕೊಪ್ಪಳಕ್ಕೆ ಹೊಂದಿಕೊಂಡ ಭಾಗ್ಯನಗರ ಹೆಸರಾದ ಊರು. ಉಂಡೆಯನ್ನು ಬಿಡಿಸಿ, ತೊಳೆದು, ಮೊಳೆಗಳ ಹಲಗೆಯ ಮೇಲೆ ಎಳೆದು ಹಿಕ್ಕಿ, ಉದ್ದಕ್ಕೆ ತಕ್ಕಂತೆ ಬೇರ್ಪಡಿಸಿ ಕಟ್ಟುತ್ತಾರೆ. ಎಷ್ಟೋ ಮನೆಗಳಲ್ಲಿ ಹೆಂಗಸರಿಗೆ ಇದೇ ಜೀವನೋಪಾಯ. ಈ ಬಗೆಯ ಕೂದಲಿನಲ್ಲಿ ಬುಡತುದಿಗಳು ಬೆರೆತಿರುವುದರಿಂದ ಪೊರೆಗಳು ಒಂದಕ್ಕೊಂದು ಎದುರಾಗಿ ಸಿಕ್ಕುಗಟ್ಟುತ್ತವೆ. ಆದುದರಿಂದ ಆಮ್ಲದಲ್ಲಿ ಪೊರೆಯನ್ನು ತೆಗೆದು, ಸಿಲಿಕೋನಿನ ಲೇಪ ಕೊಟ್ಟು ಮಿಂಚಿಸಿ ಮಾರುವ ಪದ್ಧತಿಯುಂಟು. ಕೊಳ್ಳುವಾಗ ಅದು ರೇಷ್ಮೆ. ಕೆಲವು ಸಲ ತೊಳೆದು ಲೇಪ ಹೋದ ಮೇಲೆ ನಾರು. ಎಷ್ಟು ಜೋಪಾನಮಾಡಿದರೂ ಸಿಕ್ಕಾಗುತ್ತಿದೆಯೆಂದು ಕೊರಗುವವರು, ಕೊಂಡ ಕೂದಲು ಯಾವ ಬಗೆಯದೆಂದು ಮೊದಲು ವಿಚಾರಿಸಬೇಕು.

ಕೂದಲು ಜೋಡಿಸಿಕೊಳ್ಳಬಾರದೆಂದು ಬೋಧಿಸುವುದು ನನ್ನ ಉದ್ದೇಶವಲ್ಲ. ಚವರಿ ತೊಟ್ಟ ಅಜ್ಜಿಯರ ಮೊಮ್ಮಕ್ಕಳು ನಾವು. ಚೆಲುವಿನ ಆಸೆಯನ್ನು ಹಳಿಯುವ ಅಧಿಕಾರ ನಮಗಿಲ್ಲ. ಕನ್ನಡಿಯಲ್ಲಿ ತನ್ನನ್ನು ತಾನು ಮೆಚ್ಚಿಕೊಂಡ ಹುಡುಗಿ ತರಗತಿಯಲ್ಲಿ ತಲೆಯೆತ್ತಿ ಪ್ರಶ್ನೆ ಕೇಳುವುದನ್ನೂ ಕಂಡಿದ್ದೇನೆ. ಹಾಕಿಸುವ ಮುನ್ನ ಮೂರು ಸಂಗತಿಗಳನ್ನು ಒಂದು ಕಾಗದದಲ್ಲಿ ಬರೆಸಿಕೊಳ್ಳಿರೆಂದಷ್ಟೇ ಕೇಳುತ್ತೇನೆ: ಮರುಭೇಟಿಯ ತಾರೀಖು, ಆ ಭೇಟಿಯ ಖರ್ಚು, ಪೂರ್ತಿಯಾಗಿ ತೆಗೆಯುವ ದಿನದ ಖರ್ಚು. ಈ ಮೂರನ್ನೂ ಕೂಡಿಸಿದ ಮೊತ್ತವೇ ಅದರ ನಿಜವಾದ ಬೆಲೆ. ಅಷ್ಟು ಕೈಯಲ್ಲಿ ಇಲ್ಲದಿದ್ದರೆ ಕ್ಲಿಪ್ಪಿನ ಕೂದಲಿಗೆ ತೃಪ್ತರಾಗುವುದು ವಿವೇಕ. ಇದ್ದರೆ, ಸಂತೋಷವಾಗಿ ತೊಡಬಹುದು. ದಿನವೂ ಹತ್ತು ನಿಮಿಷ ಅದಕ್ಕಾಗಿ ಕೂರಬೇಕು. ಭಾಗ್ಯನಗರದ ಯಾವುದೋ ಜಗಲಿಯ ಮೇಲೆ ಒಬ್ಬಳು ತಾಳ್ಮೆಯಿಂದ ಎಳೆಎಳೆಯಾಗಿ ಬಿಡಿಸಿದ ಸಿಕ್ಕು ಮತ್ತೆ ಆಗದಂತೆ ನೋಡಿಕೊಳ್ಳುವುದು, ತೊಟ್ಟವಳ ಪಾಲಿಗೆ ಬಂದ ಕೆಲಸ.